ನೀರುಂಡ ಪ್ಲಾಸ್ಟಿಕ್

ಕಾಮಕಸ್ತೂರಿಯ ಬೀಜಗಳನ್ನು ನೀರಿಗೆ ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಪ್ರತಿಯೊಂದು ಬೀಜದ ಸುತ್ತಲೂ ಲೋಳೆಯ ಪೊರೆಯೊಂದು ಉಬ್ಬಿಕೊಳ್ಳುವುದನ್ನು ನೀವು ಕಂಡಿರಬಹುದು. ಆ ಲೋಳೆಯ ಬಹುಭಾಗ ನೀರೇ. ಆದರೂ ಅದು ಹರಿದುಹೋಗುವುದಿಲ್ಲ; ಉದ್ದನೆಯ ಅಣುಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟಿರುತ್ತವೆ. ಇಂಥ ವಸ್ತುವಿಗೆ ಹೈಡ್ರೊಜೆಲ್ ಎಂದು ಹೆಸರು. ನಮ್ಮ ಶರೀರದ ಮೆದುವಾದ ಭಾಗಗಳಲ್ಲಿಯೂ ನೀರೇ ಹೆಚ್ಚು. ಆದುದರಿಂದ ಲೋಹಕ್ಕಿಂತ ನೀರು ತುಂಬಿದ ಪ್ಲಾಸ್ಟಿಕ್ಕನ್ನು ಶರೀರವು ಚೆನ್ನಾಗಿ ಸಹಿಸೀತೆಂದು 1952ರಲ್ಲಿ ಯೋಚಿಸಿದವನು ಚೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. ರೈಲಿನಲ್ಲಿ ಜೊತೆಗಿದ್ದ ಪ್ರಯಾಣಿಕನೊಬ್ಬನು ಕಣ್ಣಿನ ಜಾಗದಲ್ಲಿ ಲೋಹವನ್ನಿಡುವ ವಿಷಯ ಓದುತ್ತಿದ್ದನು. ಆತನೊಡನೆ ಆಡಿದ ಮಾತಿನಲ್ಲಿ ಈ ಯೋಚನೆ ಮೊಳೆಯಿತು.

ಸಹೋದ್ಯೋಗಿ ಲಿಮ್‌ನೊಡನೆ ವಿಖ್ಟರ್ಲೆ ತಯಾರಿಸಿದ ಜೆಲ್ ಪಾರದರ್ಶಕವಾಗಿತ್ತು. ಅದರ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ನೀರಿತ್ತು. 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಕಣ್ಣಿನ ಮೇಲಿಡುವ ಮಸೂರಕ್ಕೆ ಈ ವಸ್ತು ತಕ್ಕುದಾಗಿತ್ತು. ಆದರೆ ಅಚ್ಚಿನಿಂದ ಬಿಡಿಸುವಾಗ ಮಸೂರದ ಅಂಚು ಹರಿಯುತ್ತಿತ್ತು. ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. ಹರಿದ ಮಸೂರಗಳನ್ನಷ್ಟೇ ಕಂಡ ಅಧಿಕಾರಿಗಳನ್ನು ತೀರ ದೂಷಿಸುವಂತೆಯೂ ಇಲ್ಲ.

ವಿಖ್ಟರ್ಲೆ ಕೆಲಸವನ್ನು ಮನೆಗೆ ತಂದನು. ಪಾತ್ರೆಯ ನೀರನ್ನು ರಭಸದಿಂದ ತಿರುಗಿಸಿದರೆ ಅದು ನಡುವೆ ತಗ್ಗಾಗಿ ಅಂಚಿನಲ್ಲಿ ಮೇಲೇರುತ್ತದೆಯಷ್ಟೆ. ಅಚ್ಚನ್ನೇ ತಿರುಗಿಸಿದರೆ ಒಳಗಿನ ದ್ರವವೂ ಹಾಗೆಯೇ ಕುಳಿಬಿದ್ದು, ಆ ಆಕಾರದಲ್ಲಿಯೇ ಗಟ್ಟಿಯಾಗುತ್ತದೆ. ಮೇಲೆ ಇನ್ನೊಂದು ಅಚ್ಚನ್ನು ಒತ್ತಬೇಕಾಗಿಲ್ಲ. ಅಂಚು ಹರಿಯುವ ಭಯವೂ ಇಲ್ಲ. 1961ರ ಕ್ರಿಸ್‌ಮಸ್ ವೇಳೆಗೆ ಆತನು ಮಕ್ಕಳ ಆಟದ ಲೋಹಪಟ್ಟಿಗಳು, ಸೈಕಲ್ಲಿನ ಡೈನಮೊ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಇವುಗಳನ್ನು ಜೋಡಿಸಿ ಯಂತ್ರವೊಂದನ್ನು ಕಟ್ಟಿದನು. ಮೊದಲು ಬಂದವು ನಾಲ್ಕೇ ಮಸೂರಗಳು. ಮುಂದಿನ ಕೆಲವು ತಿಂಗಳಲ್ಲಿ ಪತಿಪತ್ನಿಯರಿಬ್ಬರೂ ಸೇರಿ ಸುಮಾರು 5,500 ಮಸೂರಗಳನ್ನು ಮಾಡಿದರು! ಹಕ್ಕುಗಳು ಅಮೆರಿಕಕ್ಕೆ ಮಾರಾಟವಾದವು. 1971ರಲ್ಲಿ ಅಲ್ಲಿ ಈ ಮಸೂರಗಳಿಗೆ ಅನುಮತಿ ದೊರೆಯಿತು. ಕಂಡುಹಿಡಿದವನ ಕೈಸೇರಿದ ಹಣ ಅತ್ಯಲ್ಪ.

ಈ ಜೆಲ್‌ಗೆ ಇನ್ನೊಂದು ಗುಣವುಂಟು. ಅದರ ನೀರಿನೊಳಕ್ಕೆ ಗ್ಲೂಕೋಸಿನಂಥ ಸಣ್ಣ ಅಣುಗಳು ನುಸುಳಬಲ್ಲವು, ಬೆಳಕೂ ಹಾಯಬಲ್ಲದು. ಸಿಹಿಮೂತ್ರ ರೋಗಿಗಳಿಗೆ ಇದರಿಂದ ಉಪಕಾರವಾಗಿದೆ. ಇದೇ ಕುಲದ ಜೆಲ್ ಲೇಪಿಸಿದ ಪುಟ್ಟ ಕಡ್ಡಿಯೊಂದನ್ನು ವೈದ್ಯರು ಅವರ ತೋಳಿನ ಚರ್ಮದಡಿಯಲ್ಲಿ ಇಡುತ್ತಾರೆ. ಜೆಲ್‌ನ ಬಲೆಗೆ ವಿಶೇಷವಾದ ಅಣುಗಳನ್ನು ಬೆಸೆದಿರುತ್ತಾರೆ. ಕಡ್ಡಿಯೊಳಗಿನ ದೀಪವು ಅತಿನೇರಳೆ ಬೆಳಕನ್ನು ಬೀರಿದಾಗ, ಗ್ಲೂಕೋಸು ಅಂಟಿಕೊಂಡ ಅಣುಗಳು ಹೊಳೆಯುತ್ತವೆ, ಉಳಿದವು ಮಂಕಾಗಿರುತ್ತವೆ. ಹೊಳಪು ಹೆಚ್ಚಿದಷ್ಟೂ ಚರ್ಮದಡಿಯ ದ್ರವದಲ್ಲಿ ಗ್ಲೂಕೋಸು ಹೆಚ್ಚೆಂದು ಅರ್ಥ. ತೋಳಿನ ಮೇಲೆ ಅಂಟಿಸಿಕೊಂಡ ಉಪಕರಣವು ಐದೈದು ನಿಮಿಷಕ್ಕೊಮ್ಮೆ ಇದನ್ನು ಅಳೆದು ತಿಳಿಸುತ್ತದೆ. ಬೆರಳು ಚುಚ್ಚಿ ರಕ್ತ ನೋಡುವ ಕಷ್ಟ ಪೂರ್ತಿ ತಪ್ಪಿಲ್ಲ. ಅಳತೆಯನ್ನು ತಾಳೆ ನೋಡಲು ಆಗಾಗ ಅದೂ ಬೇಕು.

ಜೆಲ್ ಎಷ್ಟೇ ಮೆದುವಾಗಿರಲಿ, ಶರೀರವು ಅದನ್ನು ಹೊರಗಿನದೆಂದು ಬಲ್ಲದು. ಆದುದರಿಂದ ಉರಿಯೂತವನ್ನು ತಡೆಯುವ ಔಷಧವನ್ನು ನಿಧಾನವಾಗಿ ಸೂಸುವ ಉಂಗುರವೊಂದನ್ನು ಕಡ್ಡಿಗೆ ತೊಡಿಸಿರುತ್ತಾರೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಡ್ಡಿಯ ಆಯುಷ್ಯ 90 ದಿನಗಳು. 2024ರಲ್ಲಿ ಅನುಮತಿ ಪಡೆದದ್ದು ಒಂದು ವರ್ಷ ಬಾಳುತ್ತದೆ. ಅವಧಿ ಮುಗಿದ ಮೇಲೆ ವೈದ್ಯರು ಅದನ್ನು ಹೊರತೆಗೆದು ಹೊಸದೊಂದನ್ನು ಇಡುತ್ತಾರೆ.