ಹಿತ್ತಲಿನ ಕಣಗಿಲೆ: ಬೆಳೆಸುವ ಕ್ರಮ ಮತ್ತು ರಾಸುಗಳ ಜೋಪಾನ



ಹಾಲು ಕರೆಯುವ ಮನೆಯ ಮುಂದೆ ನಾಲ್ಕು ಹೂವಿನ ಗಿಡ ಇರಬೇಕೆಂದು ಯಾರಿಗೆ ತಾನೇ ಆಸೆಯಿಲ್ಲ? ಆದರೆ ನೀರಿಗೆ ತತ್ವಾರವಿರುವ ನಮ್ಮ ಬಯಲುಸೀಮೆಯ ಊರುಗಳಲ್ಲಿ ಗುಲಾಬಿ, ಮಲ್ಲಿಗೆಗಳು ಏಪ್ರಿಲ್ ದಾಟುವುದೇ ಕಷ್ಟ. ಇಂಥ ಕಡೆ ವರ್ಷವಿಡೀ ಹಸಿರಾಗಿದ್ದು, ಬಿಸಿಲು ಹೆಚ್ಚಿದಷ್ಟೂ ಹೂ ಬಿಡುವ ಗಿಡವೆಂದರೆ ಕಣಗಿಲೆ. ಕೆಲವು ಕಡೆ ಇದಕ್ಕೆ ಕಣಗಲೆ, ಗಣಗಲೆ ಎಂದೂ ಹೇಳುತ್ತಾರೆ. ಬಿಳಿ, ಗುಲಾಬಿ, ಕೆಂಪು ಬಣ್ಣಗಳಲ್ಲಿ ಒಂಟಿ ಸುತ್ತಿನ ಹೂಗಳೂ ಉಂಟು, ಹಲವು ಸುತ್ತಿನ ಹೂಗಳೂ ಉಂಟು. ದೇವರ ಪೂಜೆಗೆ ನಿತ್ಯವೂ ಬೇಕಾದ ಹೂ. 1945ರಲ್ಲಿ ಅಣುಬಾಂಬಿನಿಂದ ಸುಟ್ಟುಹೋದ ಜಪಾನಿನ ಹಿರೋಶಿಮಾದಲ್ಲಿ ಮೊದಮೊದಲು ಅರಳಿದ ಹೂ ಇದೇ ಎಂದು ಆ ನಗರದವರು ಇದನ್ನು ತಮ್ಮ ನಗರದ ಹೂವಾಗಿ ಮಾಡಿಕೊಂಡಿದ್ದಾರೆ. ಅಷ್ಟು ಗಟ್ಟಿ ಗಿಡ.

ಆದರೆ ಈ ಗಿಡಕ್ಕೆ ಸಂಸ್ಕೃತದಲ್ಲಿ ಕರವೀರ ಎಂಬುದರ ಜೊತೆಗೆ ಇನ್ನೊಂದು ಹೆಸರಿದೆ: ಹಯಮಾರಕ, ಅಂದರೆ ಕುದುರೆಯನ್ನು ಕೊಲ್ಲುವುದು. ಹಿಂದಿನವರು ಸುಮ್ಮನೆ ಹೆಸರಿಟ್ಟವರಲ್ಲ. ಕುದುರೆಯನ್ನು ಕೊಲ್ಲುವುದು ಹಸುವನ್ನು ಬಿಟ್ಟೀತೆ? ಆದ್ದರಿಂದ ರಾಸು ಕಟ್ಟಿದವರು ಈ ಗಿಡ ಬೆಳೆಸುವ ರೀತಿಯೇ ಬೇರೆಯಾಗಿರಬೇಕು.

ಮೊದಲು ಬೆಳೆಸುವ ವಿಚಾರ. ಬೀಜಕ್ಕಿಂತ ಕಡ್ಡಿಯಿಂದ ಬೆಳೆಸುವುದು ಸುಲಭ. ಜೂನ್–ಜುಲೈ ಮಳೆಯಲ್ಲಿ, ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ, ಪೆನ್ಸಿಲ್ ದಪ್ಪದ ಕಡ್ಡಿಗಳನ್ನು 6ರಿಂದ 9 ಅಂಗುಲ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧಭಾಗ ಹೂಳುವಂತೆ ನೆಡಬೇಕು. ನೀರು ತುಂಬಿದ ಬಾಟಲಿಯಲ್ಲಿಟ್ಟರೂ ಬೇರು ಬಿಡುತ್ತದೆ. ಆದರೆ ಆ ನೀರೂ ವಿಷವೇ ಎಂಬುದನ್ನು ಮರೆಯಬಾರದು. ಬೇರು ಹಿಡಿದ ಗಿಡವನ್ನು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿರಿ. ಗಿಡದಿಂದ ಗಿಡಕ್ಕೆ 5–6 ಅಡಿ ಅಂತರವಿರಲಿ. ಪೂರ್ತಿ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಮೊದಲ ವರ್ಷದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಕೊಟ್ಟರೆ ಸಾಕು, ಅನಂತರ ಅದರ ಪಾಡಿಗೆ ಅದು ಬದುಕಿಕೊಳ್ಳುತ್ತದೆ. ಸವಳು ಮಣ್ಣನ್ನೂ ತಡೆಯುತ್ತದೆ, ನೀರು ನಿಲ್ಲುವುದನ್ನು ಮಾತ್ರ ಸಹಿಸದು.

ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಒಂದು ಸುತ್ತು ಹೂ ಮುಗಿದ ಮೇಲೆ ರೆಂಬೆಗಳನ್ನು ಮೂರನೇ ಒಂದು ಭಾಗದಷ್ಟು ಸವರಿದರೆ ಮುಂದಿನ ಹೂ ಗೊಂಚಲು ಗೊಂಚಲಾಗಿ ಬರುತ್ತದೆ. ಬುಡದಿಂದ ಏಳುವ ಸಣ್ಣ ಕವಲುಗಳನ್ನು ಕಿತ್ತುಹಾಕುತ್ತಿರಿ. ಎಳೆ ತುದಿಗಳಿಗೆ ಹಳದಿ ಬಣ್ಣದ ಹೇನು ಮುತ್ತುವುದುಂಟು. ಸಾಬೂನು ನೀರಿಗೆ ಸ್ವಲ್ಪ ಬೇವಿನ ಎಣ್ಣೆ ಕಲಸಿ ಸಿಂಪಡಿಸಿದರೆ ಸಾಕು. ಇದಿಷ್ಟು ಗಿಡದ ಉಪಚಾರ. ಇದಕ್ಕಿಂತ ಹೆಚ್ಚು ಕೇಳುವ ಗಿಡವಲ್ಲ.

ತೊಂದರೆ ಶುರುವಾಗುವುದು ಈ ಸವರಿದ ಸೊಪ್ಪಿನಿಂದಲೇ.

ನಾನು ಪಶುವೈದ್ಯನಾಗಿ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಒಂದೇ ಒಂದು ಮಿಶ್ರತಳಿ ಹಸು ಕಟ್ಟಿಕೊಂಡು ಸಂಘಕ್ಕೆ ಹಾಲು ಹಾಕುತ್ತಿದ್ದರು. ಹಸು ಕರು ಹಾಕಿ ಎಂಟು ದಿನವಾಗಿತ್ತು. ಹಬ್ಬಕ್ಕೆಂದು ಪಕ್ಕದ ಮನೆಯವರು ಕಣಗಿಲೆ ಸವರಿ ಬೇಲಿಯಾಚೆ ಎಸೆದಿದ್ದರು. ಎರಡು ದಿನ ಬಾಡಿದ ಆ ಸೊಪ್ಪು ಕಳೆಹುಲ್ಲಿನ ಜೊತೆ ಸೇರಿ ಗೋದಲಿಗೆ ಬಂತು. ಬೆಳಿಗ್ಗೆ ಹಸು ಎದ್ದಿರಲಿಲ್ಲ, ಕಿವಿ ತಣ್ಣಗಿತ್ತು. ಕರು ಹಾಕಿದ ಹೊಸತು, ಮಲಗಿದೆ, ಮೈ ತಣ್ಣಗಿದೆ ಎಂದರೆ ಎಲ್ಲರ ಬಾಯಲ್ಲೂ ಹಾಲು ಜ್ವರ. ನನಗೂ ಹಾಗೇ ಅನ್ನಿಸಿತು. ಕ್ಯಾಲ್ಸಿಯಂ ಬಾಟಲಿ ಕೈಗೆತ್ತಿಕೊಂಡಿದ್ದೆ. ಎದೆಗೆ ಕಿವಿನಳಿಗೆ ಇಟ್ಟಾಗ ಬಡಿತ ನಾಲ್ಕು ಬಡಿದು ಒಂದು ನಿಲ್ಲುತ್ತಿತ್ತು, ಸಗಣಿಯಲ್ಲಿ ರಕ್ತವಿತ್ತು. ಗೋದಲಿ ಕೆದಕಿದೆ, ಉದ್ದನೆಯ, ದಪ್ಪ ನಡುನರದ ಎಲೆಗಳು ಸಿಕ್ಕವು. ಬಾಟಲಿ ಕೆಳಗಿಟ್ಟೆ. ಮಾಡಬೇಕಾದ್ದೆಲ್ಲ ಮಾಡಿದರೂ ಸಂಜೆಯೊಳಗೆ ಹಸು ಹೋಯಿತು. ಆ ತಾಯಿ ಕರುವನ್ನು ತೋರಿಸಿ, "ಇದಕ್ಕೇನು ಮಾಡ್ಲಿ ಸಾರ್" ಎಂದು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಪಕ್ಕದ ಮನೆಯವರದು ಕೆಟ್ಟ ಬುದ್ಧಿಯೇನಲ್ಲ, ಗೊತ್ತಿರಲಿಲ್ಲ, ಅಷ್ಟೇ.

ಕಣಗಿಲೆಯ ಎಲೆ, ಹೂ, ತೊಗಟೆ, ಬೇರು, ಬೀಜ ಎಲ್ಲದರಲ್ಲೂ ಹೃದಯದ ಬಡಿತವನ್ನು ಕೆಡಿಸುವ ವಿಷಗಳಿವೆ. ಅವುಗಳಲ್ಲಿ ಮುಖ್ಯವಾದುದು ಓಲಿಯಾಂಡ್ರಿನ್. ದೇಹದ ಪ್ರತಿ ಕಿಲೋ ತೂಕಕ್ಕೆ ಕೇವಲ 50 ಮಿಲಿಗ್ರಾಂ ಒಣ ಎಲೆ ರಾಸಿಗೆ ಮಾರಕ. ಲೆಕ್ಕ ಹಾಕಿ ನೋಡಿ: 400 ಕಿಲೋ ತೂಗುವ ಹಸುವಿಗೆ 20 ಗ್ರಾಂ ಒಣ ಎಲೆ ಸಾಕು, ಒಂದು ಹಿಡಿಯೂ ಬೇಡ. ಕುರಿ, ಮೇಕೆಗಳಿಗೆ ಇನ್ನೂ ಕಡಿಮೆ.

"ನಮ್ಮ ಹಸು ಕಣಗಿಲೆ ಪಕ್ಕದಲ್ಲೇ ಓಡಾಡುತ್ತೆ, ಮೂತಿ ಇಡೋದಿಲ್ಲ" ಎಂದು ಕೆಲವರು ವಾದಿಸುವುದುಂಟು. ನಿಜ, ಹಸಿ ಎಲೆ ಕಹಿ, ರಾಸು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಬಾಡಿದ, ಒಣಗಿದ ಎಲೆಯಲ್ಲಿ ಅದು ಬೇಡವೆನ್ನುವ ಗುಣ ಕಡಿಮೆಯಾಗುತ್ತದೆ, ವಿಷ ಹಾಗೆಯೇ ಉಳಿಯುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಸೀಮೆಹುಲ್ಲಿನ ಜೊತೆ ಒಂದು ರೆಂಬೆ ಹೋದರಂತೂ ಆರಿಸಿ ತಿನ್ನುವ ಅವಕಾಶವೇ ರಾಸಿಗಿಲ್ಲ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಈಗ ಕಣಗಿಲೆಯನ್ನು ಸಾಲಾಗಿ ಬೆಳೆಸುತ್ತಾರೆ. ಅಲ್ಲಿ ಸವರಿ ರಸ್ತೆ ಬದಿಗೆ ಹಾಕಿದ ಸೊಪ್ಪಿನ ಹತ್ತಿರ ರಾಸು ಮೇಯಿಸಬೇಡಿ, ಅಲ್ಲಿಂದ ಹುಲ್ಲು ಕೊಯ್ದು ತರಬೇಡಿ.

ಹಾಗಾದರೆ ಗಿಡವನ್ನು ಕಿತ್ತು ಹಾಕಬೇಕೇ? ನನ್ನನ್ನು ಕೇಳಿದರೆ, ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದು ಜಾಗ ಇಕ್ಕಟ್ಟಾಗಿದ್ದರೆ ಕಣಗಿಲೆ ಬೇಡ, ದಾಸವಾಳ ಬೆಳೆಸಿ. ಅದೂ ಸದಾ ಹಸಿರು, ಅದೂ ಪೂಜೆಗೆ ಆಗುತ್ತದೆ, ಸವರಿದ ಸೊಪ್ಪನ್ನು ಮೇಕೆ ತಿಂದರೂ ಭಯವಿಲ್ಲ. ಬದುವಿನ ಬೇಲಿಗಾದರೆ ಅಗಸೆ, ಗ್ಲಿರಿಸಿಡಿಯಾ ಹಾಕಿದರೆ ಮೇವೂ ಆಯಿತು. ಮುಂದುಗಡೆ ವಿಶಾಲ ಅಂಗಳವಿದ್ದು ರಾಸು ಅತ್ತ ಸುಳಿಯದಿದ್ದರೆ ಕಣಗಿಲೆ ಇರಲಿ. ಕೊಟ್ಟಿಗೆ, ಬಣವೆ, ನೀರಿನ ತೊಟ್ಟಿ ಈ ಮೂರರಿಂದಲೂ 30 ಅಡಿಯಾದರೂ ದೂರವಿರಲಿ; ತೊಟ್ಟಿಗೆ ಎಲೆ ಉದುರಿದರೆ ನೀರಿಗೂ ವಿಷ ಇಳಿಯುತ್ತದೆ. ಸವರುವ ದಿನ ಗೋಣಿಚೀಲ ಹಾಸಿಕೊಂಡು ಸವರಿ, ಕೊನೆಯ ಎಲೆಯವರೆಗೂ ಆಯ್ದು, ಆಳವಾದ ಗುಂಡಿಯಲ್ಲಿ ಹೂತುಬಿಡಿ. ತಿಪ್ಪೆಗೆ ಹಾಕಬೇಡಿ. ಸುಡಲೂ ಬೇಡಿ, ಅದರ ಹೊಗೆಯೂ ಕೆಟ್ಟದ್ದು. ಕೆಲಸವಾದ ಮೇಲೆ ಕೈಯನ್ನೂ ಕುಡುಗೋಲನ್ನೂ ತೊಳೆದೇ ಮೇವಿಗೆ ಕೈಹಾಕಿ. ದೇವರಿಗೆ ಏರಿಸಿದ ನಿರ್ಮಾಲ್ಯವನ್ನು ಹಸುವಿಗೆ ಹಾಕುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದರಲ್ಲಿ ಕಣಗಿಲೆ ಇದ್ದರೆ ಖಂಡಿತ ಕೂಡದು. ಕಾಡುಕಾಡಾಗಿ ಬೆಳೆಯುವ ಹಳದಿ ಹೂವಿನ ಕಣಗಿಲೆ ಬೇರೆಯೇ ಜಾತಿ, ಆದರೆ ಅದರ ವಿಷವೂ ಇದೇ ಬಗೆಯದು. ಅದರ ಬೀಜ ಇನ್ನೂ ಅಪಾಯ, ಮಕ್ಕಳ ಕೈಗೆ ಸಿಗಬಾರದು.

ಮನುಷ್ಯರಿಗೂ ಇದು ಆಟದ ವಸ್ತುವಲ್ಲ. ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಈ ಎಲೆ ಕಾರಣವೆಂಬ ಶಂಕೆ ಎದ್ದ ಮೇಲೆ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ 'ಅರಳಿ' ಹೂ ಬಳಸುವುದನ್ನು ನಿಲ್ಲಿಸಿದವು. ಮಲಯಾಳದಲ್ಲಿ ಅರಳಿ ಎಂದರೆ ಕಣಗಿಲೆ. ಸುದ್ದಿ ಓದಿ ನಮ್ಮ ಅಶ್ವತ್ಥಕಟ್ಟೆಯ ಅರಳಿಮರಕ್ಕೆ ಯಾರೂ ಹೆದರಬೇಕಾಗಿಲ್ಲ.

ರಾಸು ತಿಂದಿರುವ ಅನುಮಾನ ಬಂದರೆ ಕಾಯಬೇಡಿ. ತಿಂದ ಕೆಲವೇ ಗಂಟೆಗಳಲ್ಲಿ ಮೇವು ಬಿಡುವುದು, ಮೆಲುಕು ನಿಲ್ಲುವುದು, ಜೊಲ್ಲು, ಹೊಟ್ಟೆನೋವು, ರಕ್ತಮಿಶ್ರಿತ ಭೇದಿ, ನಡುಕ, ಏದುಸಿರು ಕಾಣಿಸುತ್ತವೆ. ಕೆಲವು ರಾಸುಗಳು ಯಾವ ಚಿಹ್ನೆಯನ್ನೂ ತೋರದೆ ಸತ್ತು ಬಿದ್ದಿರುತ್ತವೆ. ಉಳಿದ ಮೇವನ್ನು ಕೂಡಲೇ ತೆಗೆದು, ಸಂಘದ ಕಾರ್ಯದರ್ಶಿಯವರ ಮೂಲಕವಾಗಲಿ ನೇರವಾಗಿಯಾಗಲಿ ಪಶುವೈದ್ಯರಿಗೆ ತುರ್ತು ಕರೆ ಮಾಡಿ. ಫೋನಿನಲ್ಲೇ "ಕಣಗಿಲೆ ತಿಂದಿರಬಹುದು" ಎಂದು ಹೇಳಿ. ಈ ಒಂದು ಮಾತಿನಿಂದ ಚಿಕಿತ್ಸೆಯೇ ಬದಲಾಗುತ್ತದೆ: ವಿಷ ಹೀರುವ ಇದ್ದಿಲಿನ ಪುಡಿ ಮತ್ತು ಹೃದಯದ ಬಡಿತ ಸರಿಪಡಿಸುವ ಔಷಧಿ ಬೇಕಾಗುತ್ತದೆ, ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದರೆ ಅದೇ ಮುಳುವಾಗಬಹುದು. ಮನೆಯಲ್ಲಿರುವ ಬಾಟಲಿಯನ್ನು ತಾವೇ ಹಾಕಿಸುವ ಸಾಹಸ ಬೇಡ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಸುರಿಯುವುದೂ ಬೇಡ. ನಿತ್ರಾಣವಾದ ರಾಸಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಾಸನ್ನು ಓಡಾಡಿಸದೆ, ಬೆದರಿಸದೆ ನೆರಳಿನಲ್ಲಿ ಬಿಡಿ. ಹೃದಯಕ್ಕೆ ಏಟು ಬಿದ್ದಿರುವಾಗ ನಾಲ್ಕು ಹೆಜ್ಜೆ ನಡೆಸಿದರೂ ಕುಸಿಯಬಹುದು.

ಆ ಹಸುವಿನ ಹಾಲನ್ನು ಸಂಘಕ್ಕೆ ತರಬಾರದು, ಮನೆಯಲ್ಲೂ ಬಳಸಬಾರದು, ಕರುವಿಗೂ ಬಿಡಬಾರದು. ಇಟಲಿಯ ಒಂದು ಹೈನು ಹಿಂಡಿನಲ್ಲಿ ಮೇವಿನ ಜೊತೆ ಕಣಗಿಲೆ ಸೇರಿ ಹಸುಗಳು ಸತ್ತಾಗ, ಹಾಲಿನಲ್ಲೂ ಅದರಿಂದ ಮಾಡಿದ ಚೀಸಿನಲ್ಲೂ ವಿಷದ ಅಂಶ ಪತ್ತೆಯಾದುದು 2020ರಲ್ಲಿ ವರದಿಯಾಗಿದೆ. ಚೇತರಿಸಿಕೊಂಡ ಹಸುವಿನ ಹಾಲನ್ನು ಯಾವಾಗಿನಿಂದ ಹಾಕಬಹುದೆಂಬುದನ್ನು ವೈದ್ಯರೇ ಹೇಳಬೇಕು. ದುರದೃಷ್ಟವಶಾತ್ ರಾಸು ಸತ್ತರೆ, ವಿಮೆ ಇದ್ದಲ್ಲಿ ಕಿವಿಯೋಲೆ ತೆಗೆಯದೆ ಸಂಘಕ್ಕೆ ತಿಳಿಸಿ, ಶವಪರೀಕ್ಷೆ ಆದ ಮೇಲೆಯೇ ಹೂಳಿರಿ. ಗೋದಲಿಯಲ್ಲಿ ಉಳಿದ ಎಲೆಗಳನ್ನು ಒಂದು ಚೀಲದಲ್ಲಿ ಕಟ್ಟಿಟ್ಟು ವೈದ್ಯರಿಗೆ ತೋರಿಸಿ.