ಮುಳುಗಿದ ಹಡಗು ಮತ್ತು ಉಸಿರಿನ ಲೆಕ್ಕ

ಸಮುದ್ರದ ತಳದಲ್ಲಿ ಬಿದ್ದಿರುವ ಹಡಗನ್ನು ಕಣ್ಣಾರೆ ಕಂಡು ಬರುವುದು ಸಾಧ್ಯವೇ? ಸಾಧ್ಯ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನೊಳಗೆ ಉಸಿರಾಡುವ ಸಾಧನವೊಂದನ್ನು 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ಸಿದ್ಧಪಡಿಸಿದರು. ಯುದ್ಧ ಮುಗಿದ ಮೇಲೆ ಆ ವಿದ್ಯೆ ಸಾಮಾನ್ಯರ ಕೈಗೂ ಬಂದಿತು. ಅದಕ್ಕೆ ಸ್ಕೂಬಾ ಎಂದು ಹೆಸರು.

ಉದಾಹರಣೆಗೆ ಒಂದು ಹಡಗನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ನೈರುತ್ಯ ತೀರದಲ್ಲಿ, ಪ್ಲಿಮತ್ ಬಂದರಿನ ಸಮೀಪ, ವಿಟ್‌ಸ್ಯಾಂಡ್ ಎಂಬ ಕೊಲ್ಲಿಯಿದೆ. ಅಲ್ಲಿ ‘ಜೇಮ್ಸ್ ಈಗನ್ ಲೇನ್’ ಎಂಬ ಅಮೆರಿಕದ ಸರಕು ಹಡಗು ಮಲಗಿದೆ. ಅದರ ಉದ್ದ ಸುಮಾರು 135 ಮೀಟರು. 1945ರ ಮಾರ್ಚ್ 21ರಂದು ಜರ್ಮನರ ಜಲಾಂತರ್ಗಾಮಿಯೊಂದು ಅದಕ್ಕೆ ಟಾರ್ಪಿಡೊ ಹೊಡೆಯಿತು. ಹಡಗನ್ನು ದಡದತ್ತ ತಂದರೂ ಉಳಿಸಲಾಗದೆ, ಅದು ಕೊಲ್ಲಿಯಲ್ಲೇ ತಳಕ್ಕೆ ಕುಳಿತಿತು. ಪುಣ್ಯಕ್ಕೆ ಹಡಗಿನವರೆಲ್ಲರೂ ಬದುಕಿದರು.

ಅಲ್ಲಿ ತಳದ ಆಳ 20 ಮೀಟರಿಗಿಂತ ಸ್ವಲ್ಪ ಹೆಚ್ಚು. ‘ಇಷ್ಟೇ ತಾನೆ’ ಎಂದು ನಮಗೆ ಅನ್ನಿಸುತ್ತದೆ. ತಪ್ಪುವುದು ಇಲ್ಲಿಯೇ.

ದಡದ ಮೇಲೆ ನಮ್ಮ ಮೈಮೇಲೆ ಒಂದು ವಾಯುಮಂಡಲದ ಒತ್ತಡವಿರುತ್ತದೆ. ಸಮುದ್ರದಲ್ಲಿ ಇಳಿದ ಪ್ರತಿ 10 ಮೀಟರಿಗೆ ಅಷ್ಟೇ ಒತ್ತಡ ಮತ್ತೆ ಕೂಡುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಎಂದರೆ ಮೊದಲ ಹತ್ತು ಮೀಟರಿನಲ್ಲಿಯೇ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲೆದ್ದರೆ ಆ ಗಾಳಿ ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನು ಹರಿದೀತು. ಆದುದರಿಂದ ಮೊದಲನೆಯ ನಿಯಮ: ನೀರಿನೊಳಗೆ ಎಂದೂ ಉಸಿರು ಹಿಡಿಯಬಾರದು.

ಎರಡನೆಯದು, ಏಳುವ ವೇಗ. ಒತ್ತಡದಲ್ಲಿ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಗುಳ್ಳೆ ಉಕ್ಕುವುದನ್ನು ನಾವೆಲ್ಲ ನೋಡಿದ್ದೇವೆ. ಅವಸರದಿಂದ ಮೇಲೆದ್ದವನ ಮೈಯಲ್ಲಿಯೂ ಹಾಗೆಯೇ ಗುಳ್ಳೆಗಳು ಏಳಬಹುದು. ಕೀಲುನೋವು, ಕೆಲವೊಮ್ಮೆ ಪಾರ್ಶ್ವವಾಯು ಬರಬಹುದು. ಆದಕಾರಣ ನಿಮಿಷಕ್ಕೆ 9–10 ಮೀಟರಿಗಿಂತ ಬೇಗ ಏಳದೆ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ವಾಡಿಕೆ.

ಮೂರನೆಯದು ಚಳಿ. ಆ ಸಮುದ್ರ ಚಳಿಗಾಲದ ಕೊನೆಗೆ ಸುಮಾರು 9 ಡಿಗ್ರಿ, ಬೇಸಿಗೆಯ ಕೊನೆಗೆ 16–17 ಡಿಗ್ರಿ ಸೆಲ್ಸಿಯಸ್. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆಯುತ್ತದೆ. ದಪ್ಪ ರಬ್ಬರಿನ ಉಡುಪಿಲ್ಲದಿದ್ದರೆ ಬೆರಳು ಮರಗಟ್ಟಿ ಪಟ್ಟಿ ಬಿಚ್ಚಲೂ ಬರುವುದಿಲ್ಲ. ನೀರು ಹಸಿರು, ಎಷ್ಟೋ ದಿನ ಕೆಲವೇ ಮೀಟರು ಕಾಣುತ್ತದೆ.

ನಾಲ್ಕನೆಯದು ಹಡಗಿನ ಒಳಭಾಗ. ದಶಕಗಳ ತುಕ್ಕು ತಿಂದ ಉಕ್ಕಿನ ಹಲಗೆಗಳು ಕುಸಿಯುತ್ತಿವೆ. ಕಾಲು ಬಡಿದರೆ ಹೂಳು ಎದ್ದು ಬಂದ ಬಾಗಿಲೇ ಕಾಣದಾಗುತ್ತದೆ. ತರಬೇತಿಯಿಲ್ಲದವರು ಒಳಗೆ ಹೋಗಲೇಬಾರದು. ಹೊರಗೇನು ಕಡಿಮೆಯೇ? ಉಕ್ಕಿನ ತುಂಬ ಬಿಳಿ, ಕಿತ್ತಳೆ ಬಣ್ಣದ ಹೂವಿನಂಥ ಪ್ರಾಣಿಗಳು, ಸುತ್ತಲೂ ಮೀನಿನ ಹಿಂಡು.

ಇನ್ನು ಜಮಾ-ಖರ್ಚು ನೋಡೋಣ. 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿದ ಗಾಳಿಯಿದ್ದರೆ ಜಮಾ 2400 ಲೀಟರು. ದಡದಲ್ಲಿ ನಿಮಿಷಕ್ಕೆ 20 ಲೀಟರು ಸೇದುವವನಿಗೆ 20 ಮೀಟರಿನಲ್ಲಿ 60 ಲೀಟರು ಬೇಕು. ಒಟ್ಟು 40 ನಿಮಿಷ. ಆದರೆ ಬಲ್ಲವರು ಮೂರು ಪಾಲು ಮಾಡುತ್ತಾರೆ: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಆ ಮೂರನೆಯ ಪಾಲು ತನಗಷ್ಟೇ ಅಲ್ಲ. ಜೊತೆಗಾರನ ಗಾಳಿ ತೀರಿದರೆ ಇಬ್ಬರೂ ಅದರಲ್ಲಿಯೇ ಮೇಲೆ ಬರಬೇಕು. ಒಂಟಿಯಾಗಿ ಇಳಿಯಬಾರದೆನ್ನುವುದು ಇದಕ್ಕಾಗಿ.

ಅಭ್ಯಾಸ: ಅದೇ ಸಿಲಿಂಡರು, ಅದೇ ಮನುಷ್ಯ, 10 ಮೀಟರಿನಲ್ಲಿ ಒಟ್ಟು ಎಷ್ಟು ನಿಮಿಷ? ಉಸಿರಿನ ಖರ್ಚು 40 ಲೀಟರು. ಆದುದರಿಂದ 60 ನಿಮಿಷ. ಮೂರನೆಯ ಪಾಲನ್ನು ಮುಟ್ಟದೆ ಎಷ್ಟೆಂಬುದನ್ನು ಓದುಗರೇ ತೆಗೆಯಲಿ.