ಚಳಿಗಾಲದಲ್ಲಿ ಹೂಗಿಡಗಳ ರಕ್ಷಣೆ

ಕರ್ನಾಟಕದ ಬಯಲುಸೀಮೆಯಲ್ಲಿ ವರ್ಷವಿಡೀ ಅಂಗಳದಲ್ಲಿಯೇ ಬೆಳೆಯುವ ಕನಕಾಂಬರ, ದಾಸವಾಳಗಳು ದೆಹಲಿಯ ತೀವ್ರ ಚಳಿಗೆ ಹಾನಿಗೊಳ್ಳಬಹುದು. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಅಲ್ಲಿ ಕೆಲವು ರಾತ್ರಿ ಉಷ್ಣತೆಯು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ಎಲೆಗಳು ಶಾಖವನ್ನು ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಆಗ ಎಲೆಗಳ ಮೇಲೆ ಇಬ್ಬನಿಯು ಹೆಪ್ಪುಗಟ್ಟಬಹುದು. ಇದನ್ನೇ ಹಿಂದಿಯಲ್ಲಿ ‘ಪಾಲಾ’ ಎನ್ನುತ್ತಾರೆ. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿದರೆ ಜೀವಕೋಶಗಳು ನಾಶವಾಗಿ, ಎಲೆಗಳು ಕಪ್ಪಾಗಿ ಜೋತುಬೀಳುತ್ತವೆ.

ಆದುದರಿಂದ ರಾತ್ರಿಯ ಉಷ್ಣತೆಯು 10 ಡಿಗ್ರಿಗೆ ಇಳಿಯುವ ಮುನ್ನವೇ, ಅಂದರೆ ಸಾಮಾನ್ಯವಾಗಿ ನವೆಂಬರ್ ತಿಂಗಳೊಳಗೆ, ಕುಂಡಗಳನ್ನು ಒಳಗೆ ತರಬೇಕು. ಮೊದಲು ಎಲೆಗಳ ಅಡಿಭಾಗವನ್ನು ಪರೀಕ್ಷಿಸಿ, ಹಿಟ್ಟುತಿಗಣೆಗಳಿದ್ದರೆ ತೊಳೆದು ತೆಗೆಯತಕ್ಕದ್ದು. ಒಂದು ವಾರ ವರಾಂಡದ ನೆರಳಿನಲ್ಲಿಟ್ಟು, ಅನಂತರ ಬಿಸಿಲು ಬೀಳುವ ದಕ್ಷಿಣದ ಕಿಟಕಿಯ ಬಳಿ ಇರಿಸುವುದು ಉತ್ತಮ. ಹೀಟರಿನ ಸಮೀಪ ಇಟ್ಟರೆ ಒಣಗಾಳಿಗೆ ಎಲೆಗಳು ಉದುರುತ್ತವೆ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರೆರೆಯಬೇಕು, ಗೊಬ್ಬರದ ಅವಶ್ಯಕತೆಯಿಲ್ಲ.

ನೆಲದಲ್ಲಿ ನೆಟ್ಟ ಗಿಡಗಳಿಗೆ ಸಂಜೆ ಗೋಣಿತಾಟು ಹೊದಿಸಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಬೇಕು.

ಪಾಲಾ ತಗುಲಿದ ಗಿಡವು ಸತ್ತಿತೆಂದು ಕೂಡಲೇ ಕಿತ್ತೆಸೆಯಬಾರದು. ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡುಬಂದರೆ ಅದಕ್ಕೆ ಇನ್ನೂ ಜೀವವಿದೆ. ಚಳಿಯಿರುವಾಗ ಅದನ್ನು ಕತ್ತರಿಸುವುದು ಸಲ್ಲದು. ಫೆಬ್ರವರಿ ಕೊನೆಯಲ್ಲಿ ಒಣರೆಂಬೆಗಳನ್ನು ಕತ್ತರಿಸಿ, ದಿನಕ್ಕಿಷ್ಟು ಹೊತ್ತು ಬಿಸಿಲಿಗೆ ರೂಢಿಮಾಡಿದರೆ ಅಂತಹ ಗಿಡವು ಮತ್ತೆ ಚಿಗುರುವ ಸಂಭವವಿದೆ.